ತೂಬಿನ ಪಾಠ

ಈ ವರ್ಷ ಪೋರಿನ್ ಪಾಠವನ್ನು ನಾನು ಮಾಡಲಿಲ್ಲ. ಗಂಟಲು ಸರಿಯಿಲ್ಲವೆಂದು ಸುಳ್ಳು ಹೇಳಿ ವಿಭಾಗದ ಕಿರಿಯ ಅಧ್ಯಾಪಕಿಗೆ ದಾಟಿಸಿಬಿಟ್ಟೆ. ಮಂಡ್ಯದ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಹೇಳಿಕೊಡಲು ಶುರುಮಾಡಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ನಿಜವಾಗಿ ಗಂಟಲು ಕಟ್ಟಿದಾಗಲೂ, ಜ್ವರ ಬಂದಾಗಲೂ ಆ ಒಂದು ಪಾಠವನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ ನಾನು. ಅದು ನನ್ನ ಪಾಠ ಎಂಬ ಜಂಬವಿತ್ತು. ಆ ಜಂಬವೂ ಎರವಲೇ, ಯಾಕೆಂದರೆ ಆ ಪಾಠದ ಜೀವಾಳವನ್ನು ಕೊಟ್ಟವಳು ಏಳನೇ ತರಗತಿಗೆ ಸ್ಕೂಲು ಬಿಟ್ಟ ನನ್ನ ಅಕ್ಕ. ಅಕ್ಕ ತೀರಿಹೋಗಿ ಮುಂದಿನ ತಿಂಗಳಿಗೆ ಒಂದು ವರ್ಷವಾಗುತ್ತದೆ.

ನಮ್ಮ ತವರು ಮಳವಳ್ಳಿ ಕಡೆ. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿಮೂರು. ಅವತ್ತಿನಿಂದ ಒಲೆ ಅವಳ ಪಾಲಿಗೆ ಬಂತು, ಪುಸ್ತಕ ನನ್ನ ಪಾಲಿಗೆ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಹಾಗೇ ಆಗಿಹೋಯಿತು. ಆದರೆ ಅಕ್ಕ ಒಂದು ಷರತ್ತು ಹಾಕಿದ್ದಳು: ನಾನು ಏನು ಓದಿದರೂ ಅವಳ ಮುಂದೆ ಗಟ್ಟಿಯಾಗಿ ಓದಬೇಕು. ಮುದ್ದೆ ತಿರುವುತ್ತಾ, ಹುರುಳಿ ಹಸನು ಮಾಡುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಅರ್ಥವಾಗದಿದ್ದರೆ ಸೌಟಿನಿಂದ ಪಾತ್ರೆಯ ಅಂಚಿಗೆ ಒಂದೇಟು ಹೊಡೆಯುವಳು. ಆ ಸದ್ದಾದರೆ ನಾನು ಹಿಂದಕ್ಕೆ ಹೋಗಿ ಮತ್ತೆ ಹೇಳಬೇಕು.

ನಾನೂ ಸೇಡು ತೀರಿಸಿಕೊಳ್ಳುತ್ತಿದ್ದೆ. ಓದಿ ಮುಗಿಸಿದ ಮೇಲೆ ಅವಳಿಗೆ ಪ್ರಶ್ನೆ ಕೇಳಿ ಹತ್ತಕ್ಕೆ ಅಂಕ ಕೊಡುತ್ತಿದ್ದೆ. ಆರು, ಏಳು, ಅಪರೂಪಕ್ಕೊಮ್ಮೆ ಎಂಟು. ಹತ್ತಕ್ಕೆ ಹತ್ತು ಕೊಟ್ಟರೆ ಮೇಷ್ಟ್ರ ಬೆಲೆ ಇಳಿದುಹೋಗುತ್ತದೆ ಎಂಬುದು ಆಗಿನಿಂದಲೇ ನನ್ನ ನಂಬಿಕೆ. ಅಕ್ಕ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. "ಏಳಕ್ಕೆ ಪಾಸು ತಾನೆ? ಅಷ್ಟ್ ಸಾಕು ಬುಡು" ಎಂದು ಎದ್ದು ಹೋಗುವಳು.

ಅವಳನ್ನು ಮದ್ದೂರು ತಾಲ್ಲೂಕಿನಲ್ಲಿ, ಬೆಸಗರಹಳ್ಳಿಯಿಂದ ಸ್ವಲ್ಪ ಒಳಗಿನ ಒಂದು ಊರಿಗೆ ಕೊಟ್ಟರು. ನಾನು ಎಂ.ಎಸ್ಸಿ. ಮುಗಿಸಿ, ಕೆಲಸ ಸಿಕ್ಕಿ, ಮಂಡ್ಯದ ಗುತ್ತಲಿನಲ್ಲಿ ಮನೆ ಮಾಡಿದೆ. ಓದಿ ಹೇಳುವ ಚಾಳಿ ಮಾತ್ರ ಬಿಡಲಿಲ್ಲ. ಹೊಸ ಪಾಠ ಶುರುಮಾಡುವ ಮುಂಚಿನ ಭಾನುವಾರ ಮದ್ದೂರಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅವಳ ಹಟ್ಟಿ ಮುಂದೆ ಇಳಿಯುತ್ತಿದ್ದೆ. ಅವಳಿಗೆ ಅರ್ಥವಾದರೆ ತರಗತಿಗೂ ಅರ್ಥವಾಗುತ್ತದೆ ಎಂಬುದು ನನ್ನ ಲೆಕ್ಕ. ಅದು ಒಂದು ಸಲವೂ ತಪ್ಪಿರಲಿಲ್ಲ.

ಅಕ್ಕನ ಗದ್ದೆ ನಾಲೆಯ ಕಟ್ಟಕಡೆಯಲ್ಲಿತ್ತು. ಮೇಲಿನವರೆಲ್ಲ ಹಾಯಿಸಿಕೊಂಡು ಉಳಿದ ನೀರು ಅವಳಿಗೆ. ನಾಲೆ ಏರಿಯ ಅಡಿಯಲ್ಲಿ ಒಂದು ಸಿಮೆಂಟಿನ ತೂಬು, ನನ್ನ ಎರಡು ಗೇಣಿನಷ್ಟು ಅಗಲದ ಕೊಳವೆ, ಅದರಲ್ಲಿ ನೀರು ಗದ್ದೆಗೆ ಇಳಿಯುತ್ತಿತ್ತು. ನೀರು ಬಿಟ್ಟ ಹೊಸದರಲ್ಲಿ ತೆಂಗಿನ ಗರಿ, ಮರದ ಕೊಂಬೆ ತೇಲಿ ಬಂದು ಅದರ ಬಾಯಿಗೆ ಅಡ್ಡ ಕೂರುತ್ತಿದ್ದವು. ಅಕ್ಕ ಸೀರೆ ಎತ್ತಿ ಕಟ್ಟಿ ನಾಲೆಗೆ ಇಳಿದು, ಮಚ್ಚಿನಲ್ಲಿ ಕೊಂಬೆಯನ್ನು ಕಡಿದು ಚೂರು ಮಾಡಿ ಬಿಡುತ್ತಿದ್ದಳು. ಎಳೆದರೆ ಬಾರದ ಕೊಂಬೆ ಚೂರಾದ ಮೇಲೆ ಸಲೀಸಾಗಿ ತೂಬಿನೊಳಗೆ ನುಗ್ಗಿ ಹೋಗುತ್ತಿತ್ತು. ಏರಿ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತು ಅದೆಷ್ಟು ಸಲ ನೋಡಿದ್ದೇನೋ.

ಪೋರಿನ್ ಪಾಠವನ್ನು ಅವಳಿಗೆ ಮೊದಲ ಸಲ ಹೇಳಿದ್ದು ನಾನು ಕೆಲಸಕ್ಕೆ ಸೇರಿದ ವರ್ಷ. ಅವಳು ಜಗಲಿ ಮೇಲೆ ಕೂತು ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದಳು. ನಾನು ಶುರುಮಾಡಿದೆ. ಬ್ಯಾಕ್ಟೀರಿಯಾಗಳಲ್ಲಿ ಒಂದು ಜಾತಿಯವಕ್ಕೆ ಎರಡು ಪೊರೆ, ಒಳಗೊಂದು ಹೊರಗೊಂದು. ಹೊರಪೊರೆ ಜಿಡ್ಡಿನದು, ನೀರಲ್ಲಿ ಕರಗಿದ್ದನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಹಾಗಾದರೆ ಅದಕ್ಕೆ ಊಟ ಎಲ್ಲಿಂದ ಬರಬೇಕು? ಅದಕ್ಕೇ ಆ ಪೊರೆಯ ತುಂಬ ಪ್ರೋಟೀನಿನ ಸಣ್ಣ ಸಣ್ಣ ಬಾಗಿಲು ಇಟ್ಟುಕೊಂಡಿದೆ, ಅವೇ ಪೋರಿನ್‌ಗಳು. ಒಳಗೆ ನೀರು ತುಂಬಿಕೊಂಡು ಯಾವಾಗಲೂ ತೆರೆದೇ ಇರುತ್ತವೆ, ನಡುವೆ ಮಾತ್ರ ಕಿರಿದು. ಸಕ್ಕರೆ, ಉಪ್ಪಿನಂಥ ಸಣ್ಣ ಅಣುಗಳು ಆ ಕಿರಿದಾದ ಜಾಗದಲ್ಲಿ ತೂರಿ ಒಳಗೆ ಹೋಗುತ್ತವೆ, ದೊಡ್ಡವು ಹೊರಗೇ ಉಳಿಯುತ್ತವೆ. ನಾವು ನುಂಗುವ ಎಷ್ಟೋ ಔಷಧಿಗಳೂ ಅದೇ ದಾರಿಯಲ್ಲಿ ಒಳಗೆ ಸೇರಿ ಅದನ್ನು ಕೊಲ್ಲುತ್ತವೆ.

ಅಕ್ಕ ಅಡಕತ್ತರಿಯಿಂದ ತಟ್ಟೆಗೆ ಟಣ್ ಎಂದು ಬಡಿದಳು. ಅಂದರೆ ಅರ್ಥವಾಗಲಿಲ್ಲ.

"ಬಾಗ್ಲು ಅಂದ್ರೆ ಯಾರಾರ ತೆಗೀಬೇಕು, ಯಾರಾರ ಆಕ್ಬೇಕು. ಇದನ್ನ ಯಾರೂ ತೆಗಿಯಾಕಿಲ್ಲ ಅಂತೀಯ, ನೀರ್ ತುಂಬ್ಕಂಡು ಸುಮ್ಕೆ ಬಿದ್ದದೆ ಅಂತೀಯ. ಬಾಗ್ಲು ಎಂಗಾದದೆ? ತೂಬು ಅನ್ನು ಅದ್ನ."

ನನಗೆ ಸಿಟ್ಟು ಬಂತು. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಬಂತು. ಪಠ್ಯಪುಸ್ತಕ ಬರೆದವರೂ ಕಂಡುಕೊಳ್ಳದ ಹೋಲಿಕೆಯನ್ನು ಎಲೆಗೆ ಸುಣ್ಣ ಸವರುತ್ತಾ ಕೊಟ್ಟುಬಿಟ್ಟಿದ್ದಳು. ಸೋಲಬಾರದೆಂದು ಮುಂದುವರಿಸಿದೆ: ಕೆಲವು ಬ್ಯಾಕ್ಟೀರಿಯಾ ಔಷಧಿಯ ಕಾಟ ತಾಳಲಾರದೆ ತೂಬುಗಳನ್ನೇ ಕಡಿಮೆ ಮಾಡಿಕೊಳ್ಳುತ್ತವೆ, ಇಲ್ಲವೇ ಇನ್ನಷ್ಟು ಕಿರಿದು ಮಾಡಿಕೊಳ್ಳುತ್ತವೆ.

"ತೂಬು ಮುಚ್ಕಂಡ್ರೆ ಅವು ತಿನ್ನಾದೇನು?" ಎಂದಳು ಅಕ್ಕ.

ಈ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳಲ್ಲಿ ಇವತ್ತಿನವರೆಗೆ ಕೇಳಿದವರು ಇಬ್ಬರೋ ಮೂವರೋ. ಹೌದು, ತೂಬು ಮುಚ್ಚಿಕೊಂಡವು ಅರೆಹೊಟ್ಟೆಯಲ್ಲಿ ನಿಧಾನವಾಗಿ ಬೆಳೆಯುತ್ತವೆ, ಆದರೂ ಬದುಕುತ್ತವೆ ಎಂದೆ. "ಪಾಪ" ಎಂದಳು. ಏಳು ಅಂಕ ಕೊಟ್ಟೆ.

"ನಿಂಗೇ ಪಾಠ ಯೋಳ್ಕೊಟ್ಟಿವ್ನಿ, ಏಳೇನೆ?"

"ನಡುವೆ ಬಾಯಿ ಹಾಕಿದ್ದಕ್ಕೆ ಒಂದು ಕಡಿತ" ಎಂದೆ. ಇಬ್ಬರೂ ನಕ್ಕೆವು.

ಮರುದಿನ ತರಗತಿಯಲ್ಲಿ ತೂಬು ಎಂದ ಕೂಡಲೇ ಹಿಂದಿನ ಬೆಂಚಿನವರೆಗೂ ಮುಖ ಅರಳಿತು. ಎಲ್ಲರೂ ನಾಲೆ ನೀರು ಕಂಡ ಮನೆಯ ಮಕ್ಕಳೇ. ಅಲ್ಲಿಂದ ಮುಂದೆ ಪ್ರತಿ ವರ್ಷ ತೂಬಿನ ಪಾಠವೆಂದೇ ಅದಕ್ಕೆ ಹೆಸರಾಯಿತು. ಅಕ್ಕನಿಗೂ ಅದರ ಮೇಲೆ ಒಂದು ಮಮಕಾರ. ಫೋನು ಮಾಡಿದಾಗೆಲ್ಲ "ತೂಬ್ ಆಯ್ತಾ ಈ ವರ್ಸ?" ಎಂದು ವಿಚಾರಿಸುತ್ತಿದ್ದಳು.

ಹೋದ ವರ್ಷ ಅಕ್ಕನಿಗೆ ಮೂತ್ರದ ಸೋಂಕಾಯಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಉರಿ, ನೋವು ಎಂದು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಸೊಂಟದ ಕೆಳಗಿನ ಕಾಯಿಲೆಯನ್ನು ಗಂಡನಿಗೆ ಹೇಳುವುದೂ ನಾಚಿಕೆ ಎಂದುಕೊಂಡ ಕಾಲದವಳು. ಎಳನೀರು, ಬಾರ್ಲಿ ನೀರು ಕುಡಿದುಕೊಂಡು ಎರಡು ತಿಂಗಳು ತಳ್ಳಿದ್ದಾಳೆ. ನನಗೆ ಗೊತ್ತಾದದ್ದು ಅವಳ ಮುಖ ಬಿಳಿಚಿಕೊಂಡಿದ್ದನ್ನು ನೋಡಿ ಗದರಿಸಿದ ಮೇಲೆ. ಮಂಡ್ಯಕ್ಕೆ ಕರೆತಂದು ಡಾಕ್ಟರಿಗೆ ತೋರಿಸಿದೆ. ಏಳು ದಿನಕ್ಕೆ ಮಾತ್ರೆ ಬರೆದುಕೊಟ್ಟರು, ಬೆಳಿಗ್ಗೆ ಒಂದು, ಸಂಜೆ ಒಂದು.

ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಅಕ್ಕ ಮಾತ್ರೆಯ ಹಾಳೆಯನ್ನು ಚೀಲದಿಂದ ತೆಗೆದು ತಿರುಗಿಸಿ ತಿರುಗಿಸಿ ನೋಡಿದಳು. ಉದ್ದನೆಯ, ದಪ್ಪನೆಯ ಬಿಳಿ ಮಾತ್ರೆ.

"ಕುದ್ರೆಗ್ ಕೊಡಾ ಮಾತ್ರೆ ಇದ್ದಂಗದಲ್ಲೇ! ಇದು ಆ ತೂಬ್ನಲ್ಲಿ ಎಂಗೆ ನುಗ್ಗದೆ? ಸಿಕ್ಕಾಕಳಲ್ವ?"

ನನಗೆ ನಗು ತಡೆಯಲಾಗಲಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮದ್ದೂರಿನ ಬಸ್ಸು ಬಂತು, ಜನ ಮುಗಿಬಿದ್ದರು. ಸೀಟು ಹಿಡಿಯುವ ಅವಸರದಲ್ಲಿ ಅವಳ ರಟ್ಟೆ ಹಿಡಿದು ಮೆಟ್ಟಿಲಿಗೆ ನೂಕಿದೆ. "ಹತ್ತು ಹತ್ತು, ಫೋನಲ್ಲಿ ಹೇಳ್ತೀನಿ" ಎಂದೆ. ಕಿಟಕಿಯಿಂದ ಕೈ ಆಡಿಸಿದಳು.

ಫೋನಲ್ಲಿ ಹೇಳಲಿಲ್ಲ. ಪ್ರಶ್ನೆ ಕೇಳಿ, ಪ್ರಶ್ನೆ ಕೇಳದವರು ದಡ್ಡರು ಎಂದು ಇಪ್ಪತ್ತು ವರ್ಷ ಹುಡುಗರ ತಲೆ ತಿಂದ ನಾನು, ನನ್ನ ಮೊಟ್ಟಮೊದಲ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ತಮಾಷೆ ಎಂದುಕೊಂಡು ಮರೆತೆ. ಮಾತ್ರೆ ಹೊಟ್ಟೆಯಲ್ಲಿ ಕರಗುತ್ತದೆ, ಕರಗಿ ಕಣ್ಣಿಗೆ ಕಾಣದ ಅಣುಗಳಾಗುತ್ತದೆ, ತೂಬಿಗೆ ಬರುವುದು ಆ ಅಣು ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ದಿನಾ ಫೋನು ಮಾಡಿ "ಮಾತ್ರೆ ತಗೊಂಡ್ಯಾ?" ಎಂದು ಕೇಳುತ್ತಿದ್ದೆ. "ತಗಂಡೆ ಕಣೇ" ಎನ್ನುತ್ತಿದ್ದಳು. ಉರಿ ಕಡಿಮೆಯಾಗಿದೆ ಎಂದಳು. ಆಮೇಲೆ ಪರೀಕ್ಷೆಯ ಕೆಲಸ ಶುರುವಾಗಿ ನಾಲ್ಕು ದಿನ ಫೋನೂ ಮಾಡಲಿಲ್ಲ.

ಹನ್ನೊಂದನೇ ದಿನ ಬೆಳಿಗ್ಗೆ ಭಾವನ ಫೋನು ಬಂತು. ಭಾವ ಮಾತು ಕಡಿಮೆ, ಫೋನಂತೂ ಮಾಡಿದವರೇ ಅಲ್ಲ. "ನಿಮ್ಮಕ್ಕ ನಡುಗ್ತಾ ಅವ್ಳೆ ಕಣಮ್ಮ, ಎರಡು ಕಂಬ್ಳಿ ಒದ್ಸಿದ್ರೂ ನಿಲ್ತಿಲ್ಲ" ಎಂದರು. ಮದ್ದೂರಿನಲ್ಲಿ ತೋರಿಸಿ, ಅಲ್ಲಿಂದ ಮಂಡ್ಯಕ್ಕೆ ತಂದು ಸೇರಿಸಿದೆವು. ಸೋಂಕು ಮೂತ್ರಪಿಂಡ ದಾಟಿ ರಕ್ತಕ್ಕೆ ಹೋಗಿತ್ತು.

ಎರಡು ದಿನ ಬಿಟ್ಟು ಕಲ್ಚರ್ ರಿಪೋರ್ಟು ಕೈಗೆ ಬಂತು. ಎಡಗಡೆ ಔಷಧಿಗಳ ಹೆಸರು, ಬಲಗಡೆ ರೋಗಾಣು ಅದರ ಮಾತು ಕೇಳುತ್ತದೋ ಕೇಳುವುದಿಲ್ಲವೋ ಎಂಬ ಗುರುತು. ಅಂಥ ರಿಪೋರ್ಟನ್ನು ಓದುವುದು ಹೇಗೆಂದು ನೂರಾರು ಮಕ್ಕಳಿಗೆ ಕಲಿಸಿದ್ದೇನೆ. ಹೆಸರಿನ ಮೇಲೆ ಬೆರಳಿಟ್ಟುಕೊಂಡು ಕೆಳಗಿಳಿದೆ. ಕೇಳುವುದಿಲ್ಲ, ಕೇಳುವುದಿಲ್ಲ, ಕೇಳುವುದಿಲ್ಲ. ಕೊನೆಯಲ್ಲಿ ಒಂದೇ ಒಂದು ಉಳಿದಿತ್ತು, ಅದು ಮೂತ್ರಪಿಂಡವನ್ನೇ ಕೆಡಿಸುವಷ್ಟು ಖಾರದ್ದು, ಅವಳ ಮೂತ್ರಪಿಂಡ ಮೊದಲೇ ಸೋತಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತೆ. ರಿಪೋರ್ಟನ್ನು ಮಡಚಿ ಚೀಲಕ್ಕೆ ತುರುಕಿದೆ.

ಕಣ್ಣು ಒರೆಸಿಕೊಂಡು ವಾರ್ಡಿಗೆ ಹೋದರೆ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ಅವತ್ತು ಸ್ವಲ್ಪ ಗೆಲುವಾಗಿದ್ದಳು. ನನ್ನ ಮುಖ ನೋಡಿ, "ಯಾಕೆ ಎದ್ರುಕೊಂಡಿದ್ದೀಯ? ನಾನೇನು ನಿನ್ ಮಾತು ಮೀರಿಲ್ಲ ಕಣೇ" ಎಂದಳು. "ನೀನೇ ಯೋಳಿದ್ದಲ್ಲ, ತೂಬು ಕಿರಿದು ಅಂತ. ಅದುಕ್ಕೇ ಮಾತ್ರೇನ ಅಡಕತ್ತರೀಲಿ ಅರ್ಧರ್ಧ ಕತ್ತರ್ಸಿ ತಗಂಡೆ. ಒತ್ತಾರೆ ಅರ್ಧ, ಸಂದೆಗೆ ಅರ್ಧ. ಸಿಕ್ಕಾಕಬಾರ್ದು ಅಂತ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನಾಲೆಯಲ್ಲಿ ಮಚ್ಚು ಹಿಡಿದು ನಿಂತ ಅವಳ ಚಿತ್ರ ಕಣ್ಣ ಮುಂದೆ ಬಂತು.

ನನ್ನನ್ನು ಇವತ್ತಿಗೂ ತಿನ್ನುವ ಸಂಗತಿ ಇನ್ನೊಂದಿದೆ. ಪೋರಿನ್ ಯಾವುದನ್ನೂ ಎಳೆದುಕೊಳ್ಳುವುದಿಲ್ಲ, ತಳ್ಳುವುದೂ ಇಲ್ಲ. ಹೊರಗೆ ಹೆಚ್ಚಿದ್ದರೆ ಒಳಗೆ ಹೆಚ್ಚು ಹೋಗುತ್ತದೆ, ಕಡಿಮೆ ಇದ್ದರೆ ಕಡಿಮೆ. ಅಷ್ಟೇ ಅದರ ನಿಯಮ. ಒಳಗೆ ಬಂದ ಅಷ್ಟಿಷ್ಟು ಔಷಧಿಯನ್ನು ಎತ್ತಿ ಹೊರಗೆ ಸುರಿಯಲು ಬ್ಯಾಕ್ಟೀರಿಯಾ ಬೇರೆ ಮೋಟಾರು ಇಟ್ಟುಕೊಂಡಿರುತ್ತದೆ. ಹೊರಗೆ ಔಷಧಿ ತುಂಬಿ ನಿಂತಿದ್ದರೆ ಮೋಟಾರು ಸೋಲುತ್ತದೆ, ತಗ್ಗಿದ್ದರೆ ಗೆಲ್ಲುತ್ತದೆ. ಇದನ್ನು ಅಕ್ಕನಿಗೆ ಯಾರು ಕಲಿಸಬೇಕಿತ್ತು? ನಾಲೆಯ ಕಡೆಯ ಗದ್ದೆಯವಳು. ನಾಲೆಯಲ್ಲಿ ನೀರು ತಗ್ಗಿದರೆ ತೂಬು ಎಷ್ಟು ಚೊಕ್ಕಟವಾಗಿದ್ದರೂ ಗದ್ದೆಗೆ ಹನಿ ಇಳಿಯುವುದಿಲ್ಲವೆಂದು ಜೀವಮಾನವಿಡೀ ಏರಿ ಮೇಲೆ ಕಾದು ಕೂತವಳು. "ಮಾತ್ರೆ ಕಡಿಮೆಯಾದರೆ ನಾಲೆ ತಗ್ಗಿದ ಹಾಗೆ ಅಕ್ಕ" ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವಳು ಒಂದು ಚೂರನ್ನೂ ಬಿಡುತ್ತಿರಲಿಲ್ಲ. ಪಾಠದ ಆ ಅರ್ಧವನ್ನು ತರಗತಿಯಲ್ಲಿ ಬೋರ್ಡಿನ ಮೇಲೆ ಸಮೀಕರಣ ಬರೆದು ಹೇಳುತ್ತಿದ್ದೆ. ಅಕ್ಕನಿಗೆ ಅಷ್ಟೆಲ್ಲ ಯಾಕೆ ಎಂದು ಬಿಟ್ಟಿದ್ದೆ.

ಡಾಕ್ಟರು ಒಳ್ಳೆಯವರು. ಕೇಳಿದಾಗ, "ಅದೊಂದರಿಂದಲೇ ಹೀಗಾಯಿತು ಅಂತ ಹೇಳಲಿಕ್ಕಾಗಲ್ಲ ಮೇಡಂ. ಮೊದಲೇ ಆ ಔಷಧಿಗೆ ಬಗ್ಗದ ಜಾತಿಯದ್ದೇ ಇದ್ದಿರಬಹುದು. ಪೂರ್ತಿ ತಗೊಂಡಿದ್ದರೂ ಹೀಗೇ ಆಗಿರಬಹುದು" ಎಂದರು. 'ಇರಬಹುದು' ಎಂಬ ಮಾತನ್ನು ವಿಜ್ಞಾನದಲ್ಲಿ ನಾನು ಬಹಳ ಗೌರವದಿಂದ ಕಂಡವಳು, ಖಚಿತವಾಗಿ ಮಾತಾಡುವವರನ್ನು ಹಂಗಿಸಿದವಳು. ಈಗ ಆ ಮಾತು ನನಗೆ ಶಿಕ್ಷೆಯಾಗಿದೆ. ನಾನೇ ಕಾರಣ ಎಂದು ಗೊತ್ತಾದರೆ ಅತ್ತು ಮುಗಿಸಬಹುದು, ಅಲ್ಲವೆಂದು ಗೊತ್ತಾದರೆ ನಿದ್ದೆ ಮಾಡಬಹುದು. ಎರಡೂ ಇಲ್ಲ.

ಮಾರನೇ ದಿನ ಅವಳನ್ನು ಐಸಿಯುಗೆ ಹಾಕಿದರು. ಅದಾದ ನಾಲ್ಕನೇ ದಿನ ಮಧ್ಯಾಹ್ನ ಹೋದಳು. ಊರಿಗೆ ಒಯ್ದು ಗದ್ದೆಯ ಮೂಲೆಯಲ್ಲೇ ಮಣ್ಣು ಮಾಡಿದರು. ನಾಲೆಯಲ್ಲಿ ನೀರಿತ್ತು, ತೂಬು ಹರಿಯುತ್ತಿತ್ತು. ಆ ಸದ್ದು ಕೇಳಿ ನನಗೆ ಎಲ್ಲರೆದುರು ಕಿರುಚಿಬಿಡಬೇಕು ಅನ್ನಿಸಿತು, ಕಿರುಚಲಿಲ್ಲ.

ತಿಥಿ ಮುಗಿದ ದಿನ ಭಾವ ಅವಳ ಎಲೆಡಿಕೆ ಸಂಚಿ ತಂದು ನನ್ನ ಮಡಿಲಲ್ಲಿಟ್ಟರು. ಸಂಚಿಯ ಒಂದು ಅರೆಯಲ್ಲಿ ಒಣಗಿದ ಎಲೆ, ಇನ್ನೊಂದರಲ್ಲಿ ಕಾಗದದ ಪೊಟ್ಟಣ. ಬಿಚ್ಚಿದರೆ ಉಳಿದ ಅರ್ಧ ಮಾತ್ರೆಗಳು. ಎಲ್ಲವೂ ಸಮವಾಗಿ, ನಾನು ಪ್ರಯೋಗಶಾಲೆಯಲ್ಲಿ ಬ್ಲೇಡು ಹಿಡಿದರೂ ಬಾರದಷ್ಟು ನೀಟಾಗಿ ತುಂಡಾಗಿದ್ದವು. ಸಂಚಿಯಲ್ಲೇ ಇದ್ದ ಅಡಕತ್ತರಿಯ ಸಂದಿನಲ್ಲಿ ಬಿಳಿ ಪುಡಿ ಇನ್ನೂ ಅಂಟಿತ್ತು.

"ತಪ್ಪು ನಂದು ಭಾವ" ಎಂದೆ. ಕೊನೆಗೂ ಯಾರಿಗಾದರೂ ಹೇಳಬೇಕಿತ್ತು. ತೂಬಿನ ಕತೆಯನ್ನೆಲ್ಲ ಹೇಳಿದೆ.

ಭಾವ ಅಡಕತ್ತರಿಯನ್ನು ಕೈಗೆತ್ತಿಕೊಂಡರು. ಆಮೇಲೆ, "ನಂದೂವೆ ಕಣಮ್ಮ" ಎಂದರು. "ಕತ್ರಿ ಮೊಂಡಾಗದೆ, ಮಾತ್ರೆ ಪುಡಿಪುಡಿ ಆಯ್ತದೆ ಅಂದ್ಲು. ಬೆಸಗರಳ್ಳಿಗೆ ತಗಂಡೋಗಿ ಸಾಣೆ ಇಡ್ಸ್ಕಂಡ್ ಬಂದೋನು ನಾನೇಯ." ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಮಣ್ಣಿನ ದಿನವೂ ಅತ್ತಿರಲಿಲ್ಲ.

ವಾರ್ಡಿನ ಆ ಮಾತು ಅಲ್ಲಿಗೇ ಮುಗಿದಿರಲಿಲ್ಲ. ಉಳಿದದ್ದನ್ನು ಭಾವನಿಗೂ ಹೇಳಿಲ್ಲ. ಮಾತ್ರೆ ಕತ್ತರಿಸಿದ್ದನ್ನು ಹೇಳಿ ಅಕ್ಕ ನನ್ನನ್ನೇ ನೋಡುತ್ತಾ ಕೂತಿದ್ದಳು. ನೀನು ತಪ್ಪು ಮಾಡಿದೆ ಅಕ್ಕ ಎಂದು ಹೇಳುವ ಮಾತು ನನ್ನ ಬಾಯಿಯವರೆಗೂ ಬಂದಿತ್ತು. ಜೀವನವೆಲ್ಲ ತಪ್ಪು ತಿದ್ದಿ ಬದುಕಿದವಳಿಗೆ ಅದು ತಾನಾಗಿಯೇ ಬರುತ್ತದೆ. ಅವಳ ಕಣ್ಣು ನೋಡಿದೆ. ಬಸ್ ಸ್ಟ್ಯಾಂಡಿನಲ್ಲಿ ನಾನು ಉತ್ತರಿಸದೆ ಬಿಟ್ಟ ಪ್ರಶ್ನೆಗೆ ತಾನೇ ಯೋಚಿಸಿ ಉತ್ತರ ಕಂಡುಕೊಂಡು ಬಂದಿದ್ದಳು. ನಾನು ಕಲಿಸಿದ್ದರಲ್ಲಿ ಅವಳು ಕೈಯಾರೆ ಮಾಡಿ ನೋಡಿದ್ದು ಅದೊಂದೇ ಪಾಠ.

"ಎಷ್ಟ್ ಕೊಡ್ತೀಯೇ ಇವತ್ತು?" ಎಂದು ಕೇಳಿದಳು.

"ಹತ್ತಕ್ಕೆ ಹತ್ತು ಅಕ್ಕ" ಎಂದೆ.

ಅವಳಿಗೆ ನಂಬಿಕೆಯೇ ಬರಲಿಲ್ಲ. ಇನ್ನೊಂದು ಸಲ ಹೇಳಿಸಿದಳು. ಆಮೇಲೆ ಸೂಜಿ ಚುಚ್ಚಿದ ಕೈಯನ್ನು ಮೆಲ್ಲಗೆ ಎತ್ತಿ ನನ್ನ ಕಡೆ ತೋರಿಸುತ್ತಾ, ಪಕ್ಕದ ಮಂಚದ ಹೆಂಗಸಿಗೆ ಕೂಗಿ ಹೇಳಿದಳು:

"ನನ್ ತಂಗಿ ಕಣವ್ವ, ಕಾಲೇಜಲ್ಲಿ ಮೇಡಮ್ಮು. ಸುಮ್ಸುಮ್ಕೆ ಹತ್ತು ಕೊಡೋಳಲ್ಲ."